ಸಾಕ್ಷಿಗೆ ಇಟ್ಟ ನೀರು

ಹುಣಸೆಹಣ್ಣು ಹಚ್ಚಿ ಉಜ್ಜಿದ ಮೇಲೂ ಚೊಂಬಿನ ಕತ್ತಿನ ಹತ್ತಿರ ಒಂದು ಕಪ್ಪು ಗೆರೆ ಉಳಿದಂತೆ ವಿಮಲಮ್ಮನಿಗೆ ಕಂಡಿತು. ಚಿಟಿಕೆ ಉಪ್ಪು ಸೇರಿಸಿ ಮತ್ತೊಮ್ಮೆ ತಿಕ್ಕಿದಳು. ಹೊರಗೆ ಬೀದಿಯ ನಲ್ಲಿಯ ಹತ್ತಿರ ನಿಂತಿದ್ದ ಪುರುಷೋತ್ತಮ ಮೇಷ್ಟರು ಕೂಗಿದರು.

"ಬೇಗ ಬನ್ನಿ ವಿಮಲಮ್ಮ. ನೀರು ನಿಂತ್ರೆ ಮತ್ತೆ ಸೋಮವಾರಾನೇ."

"ಬಂದೆ ಮೇಷ್ಟ್ರೇ. ಪಾತ್ರೆ ಶುದ್ಧವಾಗಿರಬೇಡ್ವಾ?"

ಮೇಷ್ಟರು ತಂದಿದ್ದದ್ದು ಯಾರೋ ಜ್ಯೂಸು ಕುಡಿದು ಬಿಸಾಡಿದ ಪ್ಲಾಸ್ಟಿಕ್ ಬಾಟಲಿ. ಅದನ್ನು ಮೂಸಿ ನೋಡಿದ್ದೇ ವಿಮಲಮ್ಮ ಬೇಡವೆಂದಿದ್ದಳು. ಲ್ಯಾಬಿನವರು ಬಾಟಲಿಯೇ ಗಲೀಜು ಎಂದುಬಿಟ್ಟರೆ ಇಷ್ಟು ಓಡಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅವಳ ಮನೆಯಲ್ಲಿ ಎಲ್ಲಕ್ಕಿಂತ ಮಡಿಯಾದ ಪಾತ್ರೆಯೆಂದರೆ ಅತ್ತೆಯ ಕಾಲದ ತಾಮ್ರದ ಚೊಂಬು. ಕಳಸ ಇಡುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ದೇವರ ಮನೆಯಿಂದ ಹೊರಗೆ ತಂದವರಿಲ್ಲ. ಇದೂ ದೇವರ ಕೆಲಸಕ್ಕಿಂತ ಕಡಿಮೆಯದೇನಲ್ಲ ಎಂದು ಅವಳಿಗೆ ಅನಿಸಿತ್ತು.

ಕಾಮಾಕ್ಷಿಪಾಳ್ಯದ ಲೇತ್ ಮಿಷನ್ನುಗಳ ಸದ್ದು ದಾಟಿ ಒಳಕ್ಕೆ ತಿರುಗಿದರೆ ವಿಮಲಮ್ಮನ ವಠಾರ. ಅವಳ ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಗಂಡ ಬೈರಯ್ಯ ಸಾಲಾಗಿ ಕೋಣೆಗಳನ್ನು ಕಟ್ಟಿ, ಬಾಡಿಗೆಗೆ ಬಿಟ್ಟು, ಅದರ ಸುಖ ಕಾಣುವ ಮುಂಚೆಯೇ ತೀರಿಕೊಂಡಿದ್ದ. ಕೋಣೆಗಳ ತುಂಬ ರಾಣೆಬೆನ್ನೂರು, ಸಿಂಧನೂರು ಕಡೆಯ ಜನ. ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಗಾರ್ಮೆಂಟ್ಸಿಗೆ. ಆ ಬೇಸಿಗೆಯಲ್ಲಿ ವಾಂತಿಭೇದಿ ಬೀದಿಗೆ ನುಗ್ಗಿತು. ಮೊದಲು ಮುದುಕರು ಮಲಗಿದರು, ಆಮೇಲೆ ಮಕ್ಕಳು, ಆಮೇಲೆ ಲೆಕ್ಕ ಹಿಡಿಯುವ ಗೋಜಿಗೆ ಯಾರೂ ಹೋಗಲಿಲ್ಲ. ಹಾಲವ್ವನ ಮಗಳು ಶಿಲ್ಪಾ ಮಾತ್ರ ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಹತ್ತೊಂಬತ್ತರ ಹುಡುಗಿ. ಫ್ಯಾಕ್ಟರಿಯಲ್ಲಿ ಹಗಲೆಲ್ಲ ಪರದೇಶದವರ ಅಂಗಿಗೆ ಕಾಲರು ಹೊಲಿದು, ಸಂಜೆ ವಠಾರದ ಹೆಂಗಸರ ರವಿಕೆ ಹೊಲಿಯುತ್ತಿದ್ದವಳು. ಒಂದೇ ರಾತ್ರಿಯಲ್ಲಿ ಅವಳ ಕಣ್ಣು ಗುಳಿ ಬಿದ್ದು, ಬೆರಳುಗಳು ಬಟ್ಟೆ ಒಗೆದವರ ಬೆರಳಿನ ಹಾಗೆ ಸುಕ್ಕಾಗಿದ್ದವು.

ಕಾರಣ ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ಹಾಕಿದ ನೀರಿನ ಪೈಪು. ಹೊಸ ಕಬ್ಬಿಣದ ಪೈಪು, ಆಳೆತ್ತರದ ಗುಂಡಿ, ಮೋರಿಯಿಂದ ದೂರ ಎಂದು ಸರ್ಕಾರದ ಕಾಗದ ಹೇಳುತ್ತಿತ್ತು. ಬೀದಿಯವರು ಕಣ್ಣಾರೆ ಕಂಡಿದ್ದೇ ಬೇರೆ. ಎಲ್ಲಿಂದಲೋ ಅಗೆದು ತಂದ ತುಕ್ಕು ಪೈಪಿಗೆ ಟಾರು ಬಳಿದು, ಮೋರಿಯ ಒಡಲಲ್ಲೇ ಮಲಗಿಸಿ ಮಣ್ಣು ಮುಚ್ಚಿದ್ದರು. ಬಿಲ್ಲು ಹೊಸದಕ್ಕೆ, ಪೈಪು ಹಳೆಯದು. ನಡುವಿನದ್ದು ಯಾರ್ಯಾರ ಹೊಟ್ಟೆಗೆ ಹೋಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುತ್ತಿಗೆದಾರ ವೆಂಕಟಗಿರಿ ಅದೇ ವರ್ಷ ಶ್ರೀಗಂಧದ ಕಾವಲು ಬಡಾವಣೆಯಲ್ಲಿ ಮೂರಂತಸ್ತಿನ ಮನೆಯ ಗೃಹಪ್ರವೇಶ ಮಾಡಿದ. ಊಟ ಚೆನ್ನಾಗಿತ್ತು ಎಂದು ಉಂಡು ಬಂದವರೇ ಹೇಳಿದರು.

ಕಂಡವರು ಎಷ್ಟು ಜನರಿದ್ದರೂ ಕಂಡದ್ದನ್ನು ಯಾರೂ ಸಾಕ್ಷಿಯೆಂದು ಒಪ್ಪುವುದಿಲ್ಲ. ನೀರಿನ ಆಫೀಸಿನವರು ಮೇಷ್ಟರನ್ನು ಮೂರು ಸಲ ಸಾಗಹಾಕಿದ್ದರು. "ಲ್ಯಾಬ್ ರಿಪೋರ್ಟ್ ಇದೆಯಾ? ಇಲ್ದಿದ್ರೆ ಏನ್ ಸಾರ್ ಮಾತಾಡ್ತೀರಾ?" ನಿವೃತ್ತ ಹೈಸ್ಕೂಲು ಮೇಷ್ಟರು, ತಾವೇ ಕಟ್ಟಿದ ನಾಗರಿಕ ಜಾಗೃತಿ ವೇದಿಕೆಗೆ ಅಧ್ಯಕ್ಷರು. ವಿಮಲಮ್ಮ ಉಪಾಧ್ಯಕ್ಷೆ. ನೀರಿನಲ್ಲಿ ಮೋರಿ ಸೇರಿದೆಯೆಂದು ಸರ್ಕಾರದ್ದೇ ಲ್ಯಾಬು ಒಂದು ಮಾತು ಬರೆದುಕೊಟ್ಟರೆ ಸಾಕಾಗಿತ್ತು. ಪೈಪು ಕಿತ್ತು ಹೊಸದು ಹಾಕಲೇಬೇಕಾಗುತ್ತಿತ್ತು, ವೆಂಕಟಗಿರಿ ಉತ್ತರ ಹೇಳಬೇಕಾಗುತ್ತಿತ್ತು. ಶಿಲ್ಪಾ ಸುಮ್ಮನೆ ಸಾಯಲಿಲ್ಲ, ಅವಳನ್ನು ಕೊಂದದ್ದು ಇಂಥದು ಎಂದಾದರೂ ಲೋಕ ಒಪ್ಪುತ್ತಿತ್ತು.

ವಿಮಲಮ್ಮ ಚೊಂಬು ಹಿಡಿದು ಬಂದಾಗ ನಲ್ಲಿಯ ಸುತ್ತ ನಿಂತಿದ್ದವರು ಪೂಜೆಗೆ ಜಾಗ ಬಿಟ್ಟಂತೆ ಹಿಂದೆ ಸರಿದರು. ನೀರು ಸಣ್ಣಗೆ ಬರುತ್ತಿತ್ತು. ಬಣ್ಣವೇನೂ ಅಷ್ಟು ಕೆಟ್ಟಿರಲಿಲ್ಲ, ವಾಸನೆ ಮಾತ್ರ ಮೂಗಿಗೆ ಅಡರುತ್ತಿತ್ತು. ಚೊಂಬು ತುಂಬಿತು. ವಿಮಲಮ್ಮ ಅದರ ಬಾಯಿಗೆ ಒಗೆದ ಬಿಳಿ ಬಟ್ಟೆ ಕಟ್ಟಿದಳು.

ತನ್ನ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದ ಹಾಲವ್ವ ಎದ್ದು ಬಂದಳು. ಮಗಳು ಹೋಗಿ ಇನ್ನೂ ವಾರವಾಗಿರಲಿಲ್ಲ.

"ಇದು ಹೇಳ್ತೈತೇನ್ರೀ ಅವ್ವಾರ, ಹಿಂಗಿಂಗ ಆತು ಅಂತ?"

"ಹೇಳುತ್ತೆ ಹಾಲವ್ವ. ಹೇಳಿಸೇ ಹೇಳಿಸ್ತೀವಿ."

"ಯಾರೂ ಮುಟ್ಟದಂಗ ಇಡ್ರಿ."

"ದೇವರ ಮನೇಲಿ ಇಡ್ತೀನಿ. ಅಲ್ಲಿ ಯಾರು ಮುಟ್ತಾರೆ?"

ಮಾರನೆಯ ದಿನ ಭಾನುವಾರ, ಲ್ಯಾಬಿಗೆ ರಜ. ನೀರಿನ ಆಫೀಸಿಗೆ ಮಾತ್ರ ಅಂದು ರಜವಿರಲಿಲ್ಲ. ವರ್ಷವಿಡೀ ಕರೆದರೂ ಬಾರದ ಲಾರಿ ಬೆಳಗ್ಗೆಯೇ ಬಂತು. ಚೀಲಗಟ್ಟಲೆ ಬ್ಲೀಚಿಂಗ್ ಪೌಡರು ಇಳಿಯಿತು. ಮೋರಿಯ ಕಲ್ಲು ಎತ್ತಿ, ಪೈಪಿನ ತೂತುಗಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ತಂತಿ ಬಿಗಿದು, ಮತ್ತೆ ಕಲ್ಲು ಮುಚ್ಚಿದರು. ಇಡೀ ಬೀದಿ ಈಜುಕೊಳದ ಹಾಗೆ ನಾರತೊಡಗಿತು. ಬಿಳಿ ಅಂಗಿಯ ವೆಂಕಟಗಿರಿ ತಾನೇ ನಿಂತು ಮಾಡಿಸಿದ. ವಿಮಲಮ್ಮನನ್ನು ಕಂಡು ಕೈ ಮುಗಿದ.

"ಏನೂ ಲೀಕೇಜ್ ಇಲ್ಲಮ್ಮ. ಸುಮ್ನೆ ಒಂದ್ಸಲ ಚೆಕ್ ಮಾಡಿಸ್ತಿದೀನಿ."

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತಿದೀಯಪ್ಪ," ಎಂದಳು ವಿಮಲಮ್ಮ.

ಅವನು ನಕ್ಕ. ಮೇಷ್ಟರೂ ಒಳಗೊಳಗೇ ನಕ್ಕರು. ಇನ್ನು ಆ ನಲ್ಲಿಯಿಂದ ಯಾವ ನೀರು ಹಿಡಿದರೂ ಬ್ಲೀಚಿಂಗಿನ ನೀರೇ. ಶಿಲ್ಪಾ ಕುಡಿದ ನೀರು ಈ ಭೂಮಿಯ ಮೇಲೆ ಉಳಿದಿದ್ದರೆ ಅದು ವಿಮಲಮ್ಮನ ದೇವರ ಮನೆಯಲ್ಲಿ ಮಾತ್ರ. "ಅವರು ಮುಚ್ಚಲಿ ಬಿಡಿ," ಎಂದು ಮೇಷ್ಟರು ಅವಳ ಕಿವಿಯ ಹತ್ತಿರ ಬಂದು ಹೇಳಿದರು, "ನಮ್ಮ ಸಾಕ್ಷಿ ನಮ್ಮ ಹತ್ರ ಇದೆ." ಅಂದು ಸಂಜೆ ವಿಮಲಮ್ಮ ದೀಪ ಹಚ್ಚಿದವಳು ಚೊಂಬಿಗೂ ಒಂದು ಹೂ ಇಟ್ಟಳು. ಇಡಬೇಕೆಂದು ಇಟ್ಟದ್ದಲ್ಲ, ಕೈ ತಾನಾಗಿ ಹೋಯಿತು.

ಸೋಮವಾರ ಲ್ಯಾಬಿನ ಕಿಟಕಿಯಲ್ಲಿದ್ದವನು ಎಂದು ಹಿಡಿದ ನೀರು, ಯಾಕೆ ತಡ ಎಂದು ಗೊಣಗಿದ. ಮೇಷ್ಟರು ಪತ್ರಿಕೆಯವರ ಹೆಸರು ಎತ್ತಿದ ಮೇಲೆ ಗಾಜಿನ ಬಾಟಲಿ ಕೊಟ್ಟ. ವಿಮಲಮ್ಮ ಬಟ್ಟೆ ಬಿಚ್ಚಿ, ಚೊಂಬಿನ ನೀರನ್ನು ಒಂದು ಹನಿಯೂ ಚೆಲ್ಲದಂತೆ ಅದಕ್ಕೆ ಬಗ್ಗಿಸಿದಳು.

ರಿಪೋರ್ಟು ಬಂದಾಗ ಮೇಷ್ಟರು ಅದನ್ನು ಒಡೆಯಲಿಲ್ಲ. ಅದು ಅವರ ಹಟ. ನಾವು ಮೊದಲೇ ಒಡೆದರೆ ತಿದ್ದಿದ್ದಾರೆ ಎನ್ನುತ್ತಾರೆ, ಎಲ್ಲರ ಎದುರಿಗೆ ಅವರ ಕೈಯಿಂದಲೇ ಒಡೆಸಬೇಕು ಎಂದರು. ಪ್ರೈಮರಿ ಶಾಲೆಯ ಹಾಲಿನಲ್ಲಿ ಸಭೆ. ಎರಡು ಪತ್ರಿಕೆಯವರನ್ನು ಕರೆಸಿದ್ದರು. ನೀರಿನ ಆಫೀಸಿನ ಎಂಜಿನಿಯರು ಬಂದರು, ವೆಂಕಟಗಿರಿ ಬಂದ. ವಠಾರದವರು ಕೆಲಸ ಬಿಟ್ಟು ಬಂದು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತರು. ಹಾಲವ್ವ ಮತ್ತು ಅವಳ ಗಂಡ ದೇವೇಂದ್ರಪ್ಪ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು.

ಮೇಷ್ಟರು ಭಾಷಣ ಮಾಡಿದರು. ಚೆನ್ನಾಗಿಯೇ ಮಾಡಿದರು. ಸತ್ತವರ ಋಣ, ನಾಗರಿಕರ ಹಕ್ಕು, ಬೇಲಿಯೇ ಎದ್ದು ಹೊಲ ಮೇಯುವುದು ಎಲ್ಲ ಬಂತು. ಆಮೇಲೆ ಮೊಹರು ಹಾಕಿದ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಂಜಿನಿಯರಿಗೆ ಕೊಟ್ಟರು.

"ನೀವೇ ಒಡೆದು ನೀವೇ ಓದಿ ಸಾರ್."

ಎಂಜಿನಿಯರು ಕನ್ನಡಕ ಹಾಕಿಕೊಂಡರು. ಮೊದಲು ಮನಸ್ಸಿನಲ್ಲಿ ಓದಿಕೊಂಡರು. ಅವರ ಹುಬ್ಬು ಮೇಲೇರಿದ್ದನ್ನು ಎದುರಿಗೇ ಕೂತಿದ್ದ ವಿಮಲಮ್ಮ ನೋಡಿದಳು. ಅವರಿಗೂ ನಂಬಿಕೆಯಾಗಿರಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು ಜೋರಾಗಿ ಓದಿದರು. ವಾಸನೆಯಲ್ಲಿ ಸ್ವಲ್ಪ ವ್ಯತ್ಯಾಸ. ರೋಗ ತರುವ ಕ್ರಿಮಿಗಳು ಕಂಡುಬಂದಿಲ್ಲ. ಕುಡಿಯಲು ಯೋಗ್ಯ.

ಹಿಂದೆಲ್ಲೋ ಒಂದು ಬೆಂಚು ಕಿರುಗುಟ್ಟಿತು.

"ನೋಡಿ, ಇದು ನಾವು ಮಾಡಿಸಿದ ಟೆಸ್ಟ್ ಅಲ್ಲ," ಎಂದರು ಎಂಜಿನಿಯರು. ದನಿಯಲ್ಲಿ ಆಗಲೇ ದೊಡ್ಡಸ್ತಿಕೆ ಬಂದಿತ್ತು. "ನೀವೇ ಹಿಡಿದಿರೋ ನೀರು, ನೀವೇ ಕೊಟ್ಟಿರೋ ಸ್ಯಾಂಪಲ್. ನಮ್ಮವರು ಯಾರೂ ಅದನ್ನ ಮುಟ್ಟೂ ಇಲ್ಲ. ಒಂದು ಥರದಲ್ಲಿ ನಾನು ವೇದಿಕೆಯವರಿಗೆ ಥ್ಯಾಂಕ್ಸ್ ಹೇಳಬೇಕು. ಬೀದೀಲಿ ಎದ್ದಿದ್ದ ಪುಕಾರು ನಿಂತುಹೋಯ್ತು."

"ಹಾಗಾದ್ರೆ ಆ ಹುಡುಗಿ ಸತ್ತಿದ್ದು?" ಎಂದು ಪತ್ರಿಕೆಯವನೊಬ್ಬ ಕೇಳಿದ.

"ಪಾಪ. ಬೇಸಿಗೆ ನೋಡಿ. ಗಾರ್ಮೆಂಟ್ಸ್ ಹುಡುಗಿ ತಾನೇ? ಬೆಳಗ್ಗೆ ಕಟ್ಟಿದ ಡಬ್ಬಿ ಮಧ್ಯಾಹ್ನದ ಹೊತ್ತಿಗೆ ಹಳಸಿರುತ್ತೆ. ಮನೇಲಿ ಅಡಿಗೆ ಮಾಡೋರು ಸ್ವಲ್ಪ ಶುಚಿ ನೋಡ್ಕೋಬೇಕು. ಎಲ್ಲದಕ್ಕೂ ಸರ್ಕಾರಾನೇ ಬೈದ್ರೆ ಹೇಗೆ?"

ವಿಮಲಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಹಾಲವ್ವ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಮರುಕ್ಷಣ ಅವಳಿದ್ದ ಜಾಗ ಖಾಲಿಯಾಗಿತ್ತು, ದೇವೇಂದ್ರಪ್ಪನೊಬ್ಬನೇ ನಿಂತಿದ್ದ. ಹೊರಗೆ ಗೇಟಿನ ಹತ್ತಿರ ವೆಂಕಟಗಿರಿ ಬಗ್ಗಿ ವಿಮಲಮ್ಮನ ಕಾಲು ಮುಟ್ಟಿದ. "ನಿಮ್ಮಿಂದ ನನ್ನ ಹೆಸರು ಉಳೀತಮ್ಮ." ಅವನ ಮುಖದಲ್ಲಿ ಕುಹಕವಿರಲಿಲ್ಲ. ತಾನು ಹೂತ ಪೈಪಿನ ನೀರು ಚೆನ್ನಾಗಿಯೇ ಇತ್ತೆಂದು ಅವನೂ ಆಗಲೇ ನಂಬಿಕೊಂಡಿದ್ದ. ವಿಮಲಮ್ಮನ ಹೊಟ್ಟೆ ಉರಿದದ್ದು ಅದಕ್ಕೇ.

ಲ್ಯಾಬಿಗೆ ದುಡ್ಡು ಹೋಗಿದೆ ಎಂಬುದರಲ್ಲಿ ಮೇಷ್ಟರಿಗೆ ಸಂಶಯವೇ ಇರಲಿಲ್ಲ. ವಿಮಲಮ್ಮನಿಗೂ ಇರಲಿಲ್ಲ. ಮಾರನೆಯ ದಿನ ಅವಳೊಬ್ಬಳೇ ಬಸ್ಸು ಹಿಡಿದು ಹೋಗಿ, ರಿಪೋರ್ಟಿಗೆ ಸಹಿ ಹಾಕಿದ್ದ ಡಾಕ್ಟರನ್ನು ನೋಡಲೇಬೇಕೆಂದು ಕಿಟಕಿಯವನ ಮುಂದೆ ಪಟ್ಟು ಹಿಡಿದಳು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮಸೆದುಕೊಂಡಿದ್ದಳು. ಒಳಗೆ ಕೂತಿದ್ದದ್ದು ಉಮಾಶ್ರೀ ಎಂಬ ನಡುವಯಸ್ಸಿನ ಹೆಂಗಸು. ವಿಮಲಮ್ಮ ಬೈದದ್ದನ್ನೆಲ್ಲ ಕೇಳಿಸಿಕೊಂಡಳು. ಕೋಪ ಮಾಡಿಕೊಳ್ಳಲಿಲ್ಲ. ತಾನೇ ಎದ್ದು ಹೋಗಿ ರಿಜಿಸ್ಟರು ತಂದು ನೋಡಿದಳು.

"ನನಗೂ ಆಶ್ಚರ್ಯ ಆಗಿತ್ತಮ್ಮ. ಆ ಬೀದಿಯಿಂದ ಅಷ್ಟು ಪೇಷಂಟ್ಸ್ ಬಂದಿದಾರೆ, ನೀರಲ್ಲಿ ಮಾತ್ರ ಏನೂ ಇಲ್ಲ. ನೀರು ಯಾವಾಗ ಹಿಡಿದಿದ್ದು?"

"ಶನಿವಾರ ಸಾಯಂಕಾಲ."

"ಸೋಮವಾರದವರೆಗೂ ಯಾವುದರಲ್ಲಿ ಇಟ್ಟಿದ್ರಿ?"

"ಅದರ ಬಗ್ಗೆ ನೀವು ಮಾತಾಡೋ ಹಾಗಿಲ್ಲ. ದೇವರ ಮನೇಲಿ, ತಾಮ್ರದ ಚೊಂಬಲ್ಲಿ. ನಾನೇ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ..."

ಉಮಾಶ್ರೀ ಪೆನ್ನು ಕೆಳಗಿಟ್ಟಳು. ವಿಮಲಮ್ಮನಿಗೆ ಏನೋ ಕೆಟ್ಟದ್ದು ಹತ್ತಿರ ಬಂದು ನಿಂತಂತಾಯಿತು.

"ತಾಮ್ರದಲ್ಲಿ ಅಷ್ಟು ಹೊತ್ತು ನೀರಿಟ್ರೆ ಅದರಲ್ಲಿರೋ ಕ್ರಿಮಿ ಸತ್ತುಹೋಗುತ್ತಮ್ಮ," ಎಂದಳು. "ಅದರಲ್ಲೂ ಹೊಸದಾಗಿ ಉಜ್ಜಿದ ತಾಮ್ರ. ಹಿಂದಿನವರು ರಾತ್ರಿ ಇಟ್ಟು ಬೆಳಗ್ಗೆ ಕುಡೀತಿದ್ದಿದ್ದು ಅದಕ್ಕೇ ಅಲ್ವಾ? ನಿಮಗೂ ಗೊತ್ತಿರುತ್ತೆ."

ಗೊತ್ತಿತ್ತು. ತಾಮ್ರದ ನೀರು ಒಳ್ಳೆಯದು ಎಂದು ಅವಳಜ್ಜಿ ಹೇಳಿದ್ದಳು, ಅತ್ತೆ ಹೇಳಿದ್ದಳು, ಅವಳೇ ಎಷ್ಟೋ ಜನಕ್ಕೆ ಹೇಳಿದ್ದಳು. ಯಾಕೆ ಒಳ್ಳೆಯದು ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ವೆಂಕಟಗಿರಿ ಬ್ಲೀಚಿಂಗ್ ಚೆಲ್ಲಿ ಮಾಡಿಸಿದ ಕೆಲಸವನ್ನು ತಾನು ಹೂವಿಟ್ಟು, ದೀಪ ಹಚ್ಚಿ ಮಾಡಿದ್ದಳು. ಅವನಾದರೂ ಕೂಲಿ ಕೊಟ್ಟು ಮಾಡಿಸಿದ್ದ.

"ಇದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ."

"ಏನಂತ ಬರೀಲಿ? ನನ್ನ ಮುಂದೆ ಬಂದ ನೀರಲ್ಲಿ ಏನೂ ಇರ್ಲಿಲ್ಲ. ಅದು ನಿಜ. ಇನ್ನೊಂದು ಸ್ಯಾಂಪಲ್ ತನ್ನಿ, ನಾನೇ ನಿಂತು ಮಾಡ್ತೀನಿ."

"ಈಗ ಬರೋದು ಬರೀ ಬ್ಲೀಚಿಂಗ್ ನೀರು."

ಉಮಾಶ್ರೀ ತಲೆ ತಗ್ಗಿಸಿದಳು. ಒಳ್ಳೆಯ ಹೆಂಗಸು. ಒಳ್ಳೆಯವರಿಂದ ಆಗುವುದು ಕೆಲವು ಸಲ ಅಷ್ಟೇ.

ವಿಮಲಮ್ಮ ನೇರವಾಗಿ ಮೇಷ್ಟರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮೇಷ್ಟರು ಕುರ್ಚಿಯ ಕೈ ಹಿಡಿದುಕೊಂಡು ಕೂತರು. ನಲವತ್ತು ವರ್ಷ ಪಾಠ ಹೇಳಿದವರು. ಚೊಂಬಿಗೆ ನೀರು ಬೀಳುವಾಗ ಪಕ್ಕದಲ್ಲೇ ನಿಂತು ತಲೆದೂಗಿದ್ದವರು.

"ಯಾರಿಗೆ ಹೇಳಿದೀರಾ?"

"ನಿಮಗೇ ಮೊದಲು. ಈಗ ಪತ್ರಿಕೆಯವರನ್ನ ಕರೆಸಿ ಮೇಷ್ಟ್ರೇ. ನಾನು ತಪ್ಪು ಮಾಡಿದೀನಿ, ಹಿಂಗಾಯ್ತು ಅಂತ ಹೇಳ್ತೀನಿ."

"ಏನು ಹೇಳ್ತೀರಿ? ನಾವೇ ಕ್ರಿಮಿ ಸಾಯಿಸಿ ಲ್ಯಾಬಿಗೆ ಕೊಟ್ವಿ ಅಂತಲೇ? ನಗ್ತಾರೆ ವಿಮಲಮ್ಮ. ಮುಂದೆ ಈ ವೇದಿಕೆಯವರು ಏನೇ ತಗೊಂಡು ಹೋದ್ರೂ ಆಫೀಸಲ್ಲಿ ಚೊಂಬು ಚೊಂಬು ಅಂತ ನಗ್ತಾರೆ. ಒಂದು ಮಾತು ನಡೆಯಲ್ಲ ನಮ್ಮದು." ಎದ್ದು ಹೋಗಿ ಬೀದಿ ಬಾಗಿಲು ಮುಂದೆ ಮಾಡಿದರು. "ಸುಮ್ನಿರಿ. ಮಳೆಗಾಲ ಬರ್ಲಿ. ಆ ಟ್ಯೂಬು ಪಟ್ಟಿ ಎಷ್ಟು ದಿನ ತಡೆಯುತ್ತೆ? ನೀರು ಮತ್ತೆ ಕೆಟ್ಟೇ ಕೆಡುತ್ತೆ. ಆಗ ಸರಿಯಾಗಿ ಹಿಡಿಯೋಣ."

"ಅಲ್ಲೀವರೆಗೂ ಜನ ಅದನ್ನೇ ಕುಡೀಬೇಕಾ? ನಮಗೆ ಸ್ಯಾಂಪಲ್ ಸಿಗ್ಲಿ ಅಂತ ಇನ್ನೊಬ್ಬರು ಸಾಯ್ಬೇಕಾ?"

ಮೇಷ್ಟರೇನು ಕೆಟ್ಟವರಲ್ಲ, ಯಾರ ಕಾಸೂ ಮುಟ್ಟಿದವರಲ್ಲ. ಮರ್ಯಾದೆ ಒಂದನ್ನು ಕೂಡಿಟ್ಟುಕೊಂಡಿದ್ದರು, ಅದನ್ನು ಈಗ ಖರ್ಚು ಮಾಡಲು ಕೈ ಬರಲಿಲ್ಲ. ವಿಮಲಮ್ಮ ಒಂದು ಪತ್ರಿಕೆಗೆ ತಾನೇ ಫೋನು ಮಾಡಿ ನೋಡಿದಳು. ಆ ಕಡೆಯವನು ಪೂರ್ತಿ ಕೇಳಿ, ಆಂಟಿ, ಆ ಸ್ಟೋರಿ ಮುಗಿದುಹೋಯ್ತು ಎಂದ.

ಅಷ್ಟರಲ್ಲಿ ಆಫೀಸಿನವರು ರಿಪೋರ್ಟನ್ನು ಜೆರಾಕ್ಸ್ ಮಾಡಿಸಿ ನಲ್ಲಿಯ ಪಕ್ಕದ ಲೈಟು ಕಂಬಕ್ಕೆ ಅಂಟಿಸಿದ್ದರು. ವಿಮಲಮ್ಮ ಅದನ್ನು ಕಿತ್ತಳು. ಮರುದಿನ ಮತ್ತೊಂದು ಬಂತು. ಕುದಿಸಿ ಕುಡಿಯಿರಿ ಎಂದು ಬಾಗಿಲು ಬಾಗಿಲಿಗೆ ಹೋಗಿ ಹೇಳಿದಳು. ಹ್ಞೂಂ ಎಂದರು. ಸೀಮೆಎಣ್ಣೆಗೆ ಕ್ಯೂ ನಿಲ್ಲುವವರು ನೀರು ಕುದಿಸುವುದಕ್ಕೆ ಎಷ್ಟು ದಿನ ಎಣ್ಣೆ ಸುಟ್ಟಾರು? ನೀರು ಚೆನ್ನಾಗಿದೆಯೆಂದು ವಿಮಲಮ್ಮನ ಸಂಘದವರೇ ಬರೆಸಿ ತಂದಿದ್ದಾರಲ್ಲ ಎಂಬುದು ಅವರ ಧೈರ್ಯ. ಬ್ಲೀಚಿಂಗಿನ ಘಾಟು ಕಡಿಮೆಯಾಗುತ್ತ ಬಂದು, ಅದರ ಅಡಿಯಿಂದ ಹಳೆಯ ವಾಸನೆ ಸಣ್ಣಗೆ ತಲೆ ಎತ್ತುತ್ತಿದ್ದುದು ಅವಳ ಮೂಗಿಗೆ ಗೊತ್ತಾಯಿತು. ವೆಂಕಟಗಿರಿಗೆ ಹಿಂದಿನ ಬೀದಿಯ ಪೈಪಿನ ಕೆಲಸವೂ ಸಿಕ್ಕಿತು.

ದೇವೇಂದ್ರಪ್ಪ ಒಂದು ಬೆಳಗ್ಗೆ ಕೆಲಸಕ್ಕೆ ಹೊರಟವನು ಗೇಟಿನ ಹತ್ತಿರ ನಿಂತ. ಮಾತು ಕಡಿಮೆಯ ಮನುಷ್ಯ.

"ಅಕಿ ಒಲಿ ಹಚ್ಚವಲ್ಲಳ್ರೀ ಅವ್ವಾರ. ನಾನು ಗಾಡಿ ಮ್ಯಾಗ ಇಡ್ಲಿ ತಿಂದು ಹೊಕ್ಕೀನಿ. ಅಕಿ ಅದನ್ನೂ ತಿನ್ನವಲ್ಲಳು. ಡಬ್ಬಿಯಾಗ ಏನ್ ಕಟ್ಟಿದ್ದೆ, ಏನ್ ಕಟ್ಟಿದ್ದೆ ಅಂತ ತನಗ ತಾನ ಕೇಳ್ಕೊಂತ ಕುಂದರತಾಳ. ನೀವೊಂದೀಟು ಹೇಳಿ ನೋಡ್ರಿ."

ಮಧ್ಯಾಹ್ನ ವಿಮಲಮ್ಮ ಹೋದಳು. ಹಾಲವ್ವ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದು ಬೋರಲು ಹಾಕುತ್ತಿದ್ದಳು. ಡಬ್ಬಿಯ ಮುಚ್ಚಳದ ಅಂಚನ್ನು ಬೆರಳಿನ ಉಗುರಿನಿಂದ ಕೆರೆದು ಕೆರೆದು ನೋಡುತ್ತಿದ್ದಳು. ವಿಮಲಮ್ಮ ಹೊಸ್ತಿಲು ದಾಟಿ ಒಳಗೆ ಬಂದು ನೆಲದ ಮೇಲೆ ಕೂತದ್ದನ್ನು ಕಂಡು ಗಾಬರಿಯಾಗಿ ಎದ್ದು, ಚಾಪೆ ಹುಡುಕಿದಳು.

"ಚಾಪೆ ಬೇಡ, ಕೂತ್ಕೋ. ಒಂದು ಮಾತು ಹೇಳೋಕೆ ಬಂದೆ. ನಿನ್ನ ಅಡಿಗೇಲಿ ಏನೂ ಇರ್ಲಿಲ್ಲ ಹಾಲವ್ವ. ನೀರೇ ಕೆಟ್ಟಿದ್ದು."

ಎಲ್ಲವನ್ನೂ ಹೇಳಿದಳು. ಚೊಂಬು, ಉಜ್ಜಿದ್ದು, ಡಾಕ್ಟರು ಹೇಳಿದ್ದು. ತಪ್ಪು ನನ್ನದು ಎಂದು ಎರಡು ಸಲ ಹೇಳಿದಳು. ಹಾಲವ್ವ ಮಗು ಕಥೆ ಕೇಳುವ ಹಾಗೆ ಕೇಳಿದಳು.

"ದೇವರ ಮುಂದ ಇಟ್ಟ ನೀರು ಸುಳ್ಳು ಹೇಳತೈತೇನ್ರೀ ಅವ್ವಾರ?"

"ಅಯ್ಯೋ, ಅದು ದೇವರ ಮಾತಲ್ಲ ಕಣೇ. ತಾಮ್ರದ ಗುಣ."

"ನನ್ನ ಜೀವಕ್ಕ ಸಮಾಧಾನ ಆಗ್ಲಿ ಅಂತ ಹೇಳಾಕ ಹತ್ತೀರಿ. ನನಗ ತಿಳೀತೈತ್ರಿ." ಹಾಲವ್ವನೇ ಅವಳನ್ನು ಸಮಾಧಾನ ಮಾಡುವವಳಂತೆ ಹೇಳಿದಳು. "ಆವತ್ತು ಮುಂಜಾನೆ ಹೆಸರುಕಾಳಿನ ಪಲ್ಯ ಕಟ್ಟಿದ್ದೆ. ಹಿಂದಿನ ರಾತ್ರೀದು. ಮೂಸಿ ನೋಡಿದ್ದೆ, ಚಲೋ ಇತ್ತು. ಆದ್ರ ನನಗ ನೆಗಡಿ ಇತ್ರೀ ಅವ್ವಾರ. ಮೂಗಿಗೆ ತಿಳೀಲಿಲ್ಲ."

ಪೈಪು ಹೂತವನು ನಿದ್ದೆ ಮಾಡುತ್ತಿದ್ದ, ಬಿಲ್ಲಿಗೆ ಸಹಿ ಹಾಕಿದವರು ನಿದ್ದೆ ಮಾಡುತ್ತಿದ್ದರು. ಇಲ್ಲಿ ಇವಳು ಒಂದು ನೆಗಡಿಗೆ ಲೆಕ್ಕ ಕೊಡುತ್ತಿದ್ದಳು.

"ನಂಗೊಂದು ರೊಟ್ಟಿ ಬಡಿದುಕೊಡ್ತೀಯಾ?" ಎಂದಳು ವಿಮಲಮ್ಮ. "ನಿನ್ನ ಕೈಯಾರೆ. ಇಲ್ಲೇ ಕೂತು ತಿಂತೀನಿ."

ಹಾಲವ್ವ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಹಿಟ್ಟಿನ ಡಬ್ಬದ ಕಡೆ ನೋಡಿದಳು. ಏಳಲಿಲ್ಲ.

"ಬ್ಯಾಡ್ರಿ. ನಿಮಗೇನಾರ ಆದ್ರ."

ಸ್ವಲ್ಪ ಹೊತ್ತು ಬಿಟ್ಟು, ಬಂದವರನ್ನು ಹಾಗೇ ಕಳಿಸಬಾರದು ಎಂಬುದು ನೆನಪಾಗಿರಬೇಕು. ಎದ್ದು ತಟ್ಟೆಯಲ್ಲಿ ಒಂದು ಚೂರು ಬೆಲ್ಲ ಇಟ್ಟಳು. ಕೊಡವನ್ನೇ ಬಗ್ಗಿಸಿ ಸ್ಟೀಲಿನ ಲೋಟಕ್ಕೆ ನೀರು ಸುರಿದಳು. ಎರಡನ್ನೂ ತಂದು ವಿಮಲಮ್ಮನ ಮುಂದಿಟ್ಟಳು.

"ನೀರು ಕುಡೀರಿ. ಇದಕ್ಕ ನನ್ನ ಕೈ ತಾಕಿಲ್ರಿ, ನಳದಾಗಿಂದ ಸೀದಾ ಕೊಡಕ್ಕ ಬಿದ್ದದ್ದು. ನೀರು ಚಲೋ ಐತಂತಲ್ಲ."

ವಿಮಲಮ್ಮ ಲೋಟ ಎತ್ತಿಕೊಂಡಳು. ಬಾಯಿಯ ಹತ್ತಿರ ತರುವ ಮುಂಚೆಯೇ ಆ ವಾಸನೆ ಬಂತು. ಸಣ್ಣಗೆ, ಆದರೆ ಅದೇ. ಬೇರೆ ಮಾತು ಯಾವುದೂ ನಡೆಯದಿದ್ದರೂ ಇದೊಂದು ನಡೆಯುತ್ತದೆ ಎಂದು ಅವಳಿಗೆ ಹೊಳೆಯಿತು. ತಾನು ಇದನ್ನು ಕುಡಿಯದಿದ್ದರೆ ಹಾಲವ್ವ ನಂಬುತ್ತಾಳೆ. ನಂಬಲೇಬೇಕು. ಲೋಟವನ್ನು ಕೆಳಗಿಟ್ಟು ದೂರ ಸರಿಸಿದಳು.

"ಇದನ್ನ ನಾನು ಕುಡಿಯಲ್ಲ ಹಾಲವ್ವ. ನೀನೂ ಕುಡೀಬೇಡ. ಈ ನೀರು ವಿಷ. ನಾನು ಹೇಳ್ತಿರೋದು ಅದನ್ನೇ."

ಹಾಲವ್ವ ಲೋಟವನ್ನು ನೋಡಿದಳು, ವಿಮಲಮ್ಮನನ್ನು ನೋಡಿದಳು. ಅವಳ ಮುಖದಲ್ಲಿ ಏನೋ ತಿಳಿದಂತಾಯಿತು. ವಿಮಲಮ್ಮ ಕಾಯುತ್ತಿದ್ದ ತಿಳಿವಳಿಕೆ ಅದಲ್ಲ.

"ಇರಲಿ ಬಿಡ್ರೀ ಅವ್ವಾರ," ಎಂದಳು, ಒಂದಿಷ್ಟೂ ಕಹಿಯಿಲ್ಲದೆ. "ನೀವು ನಮ್ಮನ್ಯಾಗ ಯಾವತ್ತೂ ನೀರು ಕುಡದಾವ್ರಲ್ಲ. ಮರತು ಇಟ್ಟೆ ನಾನು."

ಅದು ನಿಜ. ಬಾಡಿಗೆಯವರ ಮನೆಯ ನೀರು ಮುಟ್ಟಬಾರದು, ಮುಟ್ಟಿದರೆ ನಾಳೆ ಬಾಡಿಗೆ ಕೇಳುವಾಗ ನಾಲಗೆ ಹೊರಳುವುದಿಲ್ಲ ಎಂದು ಅತ್ತೆ ಹಾಕಿಕೊಟ್ಟ ಕಟ್ಟಳೆ. ಅದರ ಹಿಂದೆ ಇನ್ನೊಂದು ಕಾರಣವೂ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಅತ್ತೆಗೂ ಬಿದ್ದಿರಲಿಲ್ಲ, ವಿಮಲಮ್ಮನಿಗೂ ಬಿದ್ದಿರಲಿಲ್ಲ. ಇಷ್ಟು ವರ್ಷ ಹೊಸ್ತಿಲಾಚೆ ನಿಂತೇ ಮಾತಾಡಿ, ಲೋಟ ಬಂದಾಗಲೆಲ್ಲ ಈಗತಾನೇ ಕಾಫಿ ಆಯ್ತು ಎಂದು ಹೊರಟುಬಿಡುತ್ತಿದ್ದವಳು ಅವಳು. ಇಂದು ಅದಲ್ಲ, ಇಂದು ಬೇರೆ ಎಂದು ಹೇಳಲು ಬಾಯಿ ತೆರೆದಳು. ಯಾವ ಮಾತು ಹುಡುಕಿದರೂ ಅದು ಆ ಹಳೆಯ ಕಾಫಿಯ ಮಾತಿನ ಹಾಗೆಯೇ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿತು.

"ಅಳಬ್ಯಾಡ್ರಿ," ಎಂದು ಹಾಲವ್ವ ಲೋಟ ಎತ್ತಿಕೊಂಡಳು. "ಕೊಟ್ಟ ನೀರು ಚೆಲ್ಲಬಾರ್ದು."

ವಿಮಲಮ್ಮ ಕೈ ಚಾಚಿದಳು. ಅಷ್ಟರಲ್ಲಿ ಹಾಲವ್ವ ಕತ್ತೆತ್ತಿ ಕುಡಿಯುತ್ತಿದ್ದಳು, ಬಹಳ ದಿನದಿಂದ ಬಾಯಾರಿದವಳ ಹಾಗೆ, ಕೊನೆಯ ಗುಟುಕಿನವರೆಗೂ. ಸೆರಗಿನಿಂದ ಬಾಯಿ ಒರೆಸಿಕೊಂಡು, ಲೋಟವನ್ನು ಬೋರಲು ಹಾಕಿ, ಬೆಲ್ಲದ ತಟ್ಟೆಯನ್ನು ವಿಮಲಮ್ಮನ ಕಡೆಗೆ ಇನ್ನಷ್ಟು ಸರಿಸಿದಳು.